ಮಳೆಗಾಲದ ಸಸಿಗೆ ಬೆಚ್ಚನೆಯ ಪೆಟ್ಟಿಗೆ: ಮಲೆನಾಡಿನ ಮನೆಗೆ ಹೀಟೆಡ್ ಪ್ರೊಪಗೇಟರ್ ಆರಿಸುವ ಬಗೆ

ನಮ್ಮ ಹಳೆ ಮನೆಯ ಬಚ್ಚಲಿನಲ್ಲಿ, ಹಂಡೆ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಗೂಡಿತ್ತು. ಆಷಾಢ ಕಳೆದು ಶ್ರಾವಣ ಬಂತು ಅಂದರೆ ಅಜ್ಜಿ ಮೆಣಸಿನಕಾಯಿ, ಬದನೆ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ತೆಂಗಿನ ಗೆರಟೆಯೊಳಗಿಟ್ಟು ಆ ಗೂಡಿಗೆ ಸೇರಿಸುತ್ತಿದ್ದರು. ಹೊರಗೆ ವಾರಗಟ್ಟಲೆ ಬಿಸಿಲಿಲ್ಲ. ಮನೆಯೆಲ್ಲ ತಣ್ಣಗೆ, ಆ ಗೋಡೆ ಮಾತ್ರ ಹಗಲು ರಾತ್ರಿ ಬೆಚ್ಚಗೆ. ಬೀಜ ಬಾಯಿ ಬಿಟ್ಟು ಬಿಳಿ ಮೊಳಕೆ ಇಣುಕಿದ ದಿನವೇ ಗಂಟು ಬಿಚ್ಚಿ ಮಡಿಗೆ ಹಾಕಿಬಿಡುತ್ತಿದ್ದರು. ಒಂದು ದಿನವೂ ಜಾಸ್ತಿ ಇಡುತ್ತಿರಲಿಲ್ಲ.

ಈಗ ಬಚ್ಚಲಿಗೆ ಸೋಲಾರ್ ಬಂದಿದೆ, ಗೀಸರ್ ಬಂದಿದೆ. ಗೂಡು ಹಾಗೇ ಇದೆ, ಆದರೆ ಬಿಸಿ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಆ ಗೋಡೆ ಮಾಡುತ್ತಿದ್ದ ಕೆಲಸವನ್ನು ಇವತ್ತು ಮಾಡುವುದು ಹೀಟೆಡ್ ಪ್ರೊಪಗೇಟರ್. ತಳದಿಂದ ಹದವಾಗಿ ಬಿಸಿ ಕೊಟ್ಟು ಬೀಜ ಮೊಳೆಸುವ ಪುಟ್ಟ ಪೆಟ್ಟಿಗೆ ಇದು. ಇದನ್ನು ಆರಿಸುವಾಗ ಏನು ನೋಡಬೇಕು, ಮನೆಗೆ ತಂದ ಮೇಲೆ ಹೇಗೆ ಬಳಸಬೇಕು ಎಂಬುದನ್ನು ಆರು ಮಳೆಗಾಲ ಬಳಸಿದ ಅನುಭವದಿಂದ ಬರೆಯುತ್ತಿದ್ದೇನೆ.

ನಮ್ಮ ಕಷ್ಟ ಹಿಮ ಅಲ್ಲ, ತೇವ

ಈ ಪೆಟ್ಟಿಗೆಗಳು ಹುಟ್ಟಿದ್ದು ಚಳಿ ದೇಶಗಳಲ್ಲಿ. ಅಲ್ಲಿ ಹೊರಗೆ ಹಿಮ, ಒಳಗೆ ಒಣ ಗಾಳಿ. ಹಾಗಾಗಿ ಬಿಸಿಯೂ ಬೇಕು, ತೇವ ಹಿಡಿದಿಡುವ ಬಿಗಿ ಮುಚ್ಚಳವೂ ಬೇಕು. ಅಲ್ಲಿನವರು ಬರೆದ ಸಲಹೆಗಳೂ ಅದಕ್ಕೆ ತಕ್ಕ ಹಾಗೇ ಇರುತ್ತವೆ.

ನಮ್ಮಲ್ಲಿ ಪರಿಸ್ಥಿತಿಯೇ ಬೇರೆ. ಅಡಿಗೆಮನೆಯ ಹಿತ್ತಲಿಗೆ ಮೆಣಸು, ಬದನೆ, ಟೊಮೆಟೊ ನೆಡಲು ಒಳ್ಳೆಯ ಕಾಲ ಮಳೆ ಹಿಂದೆ ಸರಿದ ಮೇಲೆ. ಹಸ್ತ, ಚಿತ್ತ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರಿನಲ್ಲಿ, ಸಸಿ ಗೇಣುದ್ದ ಆಗಿ ಕೈಯಲ್ಲಿರಬೇಕು. ಮೆಣಸಿನ ಸಸಿಗೆ ಬಿತ್ತಿದ ಮೇಲೆ ಆರು ವಾರ ಬೇಕು, ಕೆಲವಕ್ಕೆ ಎಂಟು. ಲೆಕ್ಕ ಹಾಕಿ ನೋಡಿ. ಬಿತ್ತಬೇಕಾದದ್ದು ಆಗಸ್ಟಿನಲ್ಲಿ. ಆಶ್ಲೇಷ, ಮಘ ಮಳೆ ಸುರಿಯುವಾಗ. ವರ್ಷದಲ್ಲೇ ಬಿಸಿಲು ಕಡಿಮೆ ಇರುವ, ಗೋಡೆಗೆ ಬೂಸ್ಟು ಹಿಡಿಯುವ ದಿನಗಳಲ್ಲಿ.

ಆ ದಿನಗಳಲ್ಲಿ ತಣ್ಣನೆಯ ಒದ್ದೆ ಮಣ್ಣಿಗೆ ಬಿದ್ದ ಮೆಣಸಿನ ಬೀಜ ತಕ್ಷಣ ಸಾಯುವುದಿಲ್ಲ. ಸುಮ್ನೆ ಕೂತಿರುತ್ತದೆ. ಅದು ಕೂತಷ್ಟು ದಿನ ಮಣ್ಣಿನ ಶಿಲೀಂಧ್ರಗಳಿಗೆ ಹಬ್ಬ. ಬೀಜ ಕೊಳೆಯುತ್ತದೆ. ಅಷ್ಟೋ ಇಷ್ಟೋ ಮೊಳೆತದ್ದು ಬುಡ ಕರಗಿ ಮಲಗುತ್ತದೆ. ಬಿಸಿ ಕೊಡುವುದರಿಂದ ಆಗುವ ದೊಡ್ಡ ಉಪಕಾರ ಇದೇ: ಬೀಜ ಅಪಾಯದಲ್ಲಿ ಕೂತಿರುವ ದಿನಗಳು ಕಡಿಮೆಯಾಗುತ್ತವೆ. ಹಾಗಾಗಿ ಕೊಳ್ಳುವಾಗ ಎಷ್ಟು ಬಿಸಿ ಕೊಡುತ್ತದೆ ಎಂಬುದಕ್ಕಿಂತ, ಎಷ್ಟು ಹದವಾಗಿ ಕೊಡುತ್ತದೆ ಮತ್ತು ಎಷ್ಟು ಗಾಳಿಯಾಡಲು ಬಿಡುತ್ತದೆ ಎಂದು ನೋಡಿ.

ಮೊದಲ ಹೆಜ್ಜೆ: ನೀವು ಬಿತ್ತುವ ಬೀಜಕ್ಕೆ ಬಿಸಿ ಬೇಕಾ?

ಬೀಜದ ಪಟ್ಟಿ ಕೈಯಲ್ಲಿಲ್ಲದೆ ಪೆಟ್ಟಿಗೆ ಕೊಳ್ಳಬೇಡಿ. ಕೆಲವಕ್ಕೆ ಬಿಸಿ ವರ, ಕೆಲವಕ್ಕೆ ಶಾಪ.

ಬಿಸಿಗೆ ಎಲ್ಲಕ್ಕಿಂತ ಚೆನ್ನಾಗಿ ಸ್ಪಂದಿಸುವುದು ಮೆಣಸಿನಕಾಯಿ ಮತ್ತು ದೊಣ್ಣೆ ಮೆಣಸು. ಮಣ್ಣು 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಬೀಜ ತಲೆ ಎತ್ತಲು ಸುಮಾರು 25 ದಿನ ಹಿಡಿಯುತ್ತದೆ. 20 ಡಿಗ್ರಿಯಲ್ಲಿ 12-13 ದಿನ. 25ರಲ್ಲಿ 8 ದಿನ. 30ರಲ್ಲಿ ಅದಕ್ಕಿಂತ ಅರ್ಧ ದಿನವೋ ಒಂದು ದಿನವೋ ಕಡಿಮೆ, ಅಷ್ಟೇ. ಅಂದರೆ 20ರಿಂದ 25ಕ್ಕೆ ಏರಿಸಿದರೆ ದೊಡ್ಡ ಲಾಭ. 25ರಿಂದ 30ಕ್ಕೆ ಏರಿಸಿದರೆ ಹೆಚ್ಚೇನೂ ಇಲ್ಲ. 35 ದಾಟಿದರೆ ಮತ್ತೆ ನಷ್ಟವೇ. ನಾನು 27-28ಕ್ಕೆ ನಿಲ್ಲಿಸುವುದು ಇದೇ ಕಾರಣಕ್ಕೆ.

ನಮ್ಮ ಜೀರಿಗೆ ಮೆಣಸು, ಸೂಜಿ ಮೆಣಸು ಇನ್ನೂ ನಿಧಾನ. ಹಕ್ಕಿ ತಿಂದು ಹಾಕಿದ ಬೀಜ ತೋಟದ ಮೂಲೆಯಲ್ಲಿ ತಾನಾಗಿ ಹುಟ್ಟುತ್ತದೆ, ಆದರೆ ನಾವು ಮಡಿ ಮಾಡಿ ಬಿತ್ತಿದರೆ ಹಟ ಮಾಡುತ್ತದೆ. ಬೆಚ್ಚಗಿಟ್ಟರೂ ಎರಡು ಮೂರು ವಾರ ತಾಳ್ಮೆ ಬೇಕು. ಬೇಗ ಸೋತು ಟ್ರೇ ಸುರಿದುಬಿಡಬೇಡಿ.

ಬದನೆ ಮೆಣಸಿನ ಹಾಗೇ, 25-30 ಡಿಗ್ರಿ ಬಯಸುತ್ತದೆ. ಟೊಮೆಟೊ ಅಷ್ಟು ಹಟಮಾರಿ ಅಲ್ಲ, 20 ಡಿಗ್ರಿಯಲ್ಲೂ ಎಂಟು ದಿನಕ್ಕೆ ಬರುತ್ತದೆ, 25ರಲ್ಲಿ ಆರು ದಿನ. ಪಪ್ಪಾಯಿಗೆ ಬಿಸಿ ಬೇಕೇ ಬೇಕು. ಜನವರಿಯ ಚಳಿಯಲ್ಲಿ ಬೇಸಿಗೆ ಬೆಳೆಗೆಂದು ಸೌತೆ, ಹಾಗಲ, ಕುಂಬಳದ ಸಸಿ ಮಾಡುವವರಿಗೂ ಇದು ಉಪಯೋಗ.

ಕೊತ್ತಂಬರಿ, ಪಾಲಕ್, ಬಟಾಣಿ, ಮೂಲಂಗಿ, ಕ್ಯಾರೆಟ್‌ಗೆ ಬಿಸಿ ಪೆಟ್ಟಿಗೆ ಬೇಡ. ಲೆಟಿಸ್‌ಗಂತೂ ಬೇಡವೇ ಬೇಡ. ಮಣ್ಣು ಬಿಸಿಯಾದರೆ ಲೆಟಿಸ್ ಬೀಜ ಮೊಳೆಯುವ ಬದಲು ನಿದ್ದೆಗೆ ಜಾರುತ್ತದೆ. ಎಲೆಕೋಸು, ಹೂಕೋಸು ನಮ್ಮ ಮಳೆಗಾಲದ ಮನೆಯೊಳಗಿನ ಹವೆಯಲ್ಲಿ ಹಾಗೇ ಬರುತ್ತವೆ. ಬೀನ್ಸ್, ಅಲಸಂದೆಯನ್ನು ನೇರ ನೆಲಕ್ಕೆ ಹಾಕುವುದೇ ಒಳ್ಳೆಯದು.

ಪಟ್ಟಿಯಲ್ಲಿ ಬರೀ ಸೊಪ್ಪು, ಕೋಸು ಇದ್ದರೆ ದುಡ್ಡು ಉಳಿಸಿ. ಅದರಲ್ಲಿ ಒಳ್ಳೆಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತನ್ನಿ.

ಎರಡನೇ ಹೆಜ್ಜೆ: ಮನೆಯ ಚಳಿ ಅಳೆಯಿರಿ

ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು ತನ್ನಿ. ಪೆಟ್ಟಿಗೆ ಇಡಬೇಕೆಂದಿರುವ ಜಾಗದಲ್ಲೇ ಒಂದು ಕುಂಡದಲ್ಲಿ ಒದ್ದೆ ಕೋಕೋಪೀಟ್ ತುಂಬಿ, ಸೆನ್ಸರನ್ನು ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಒಂದು ವಾರ ಬೆಳಿಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಬರೆದಿಡಿ.

ನಮ್ಮ ಮನೆ ಹಂಚಿನದು. ಆಗಸ್ಟಿನಲ್ಲಿ ಬೆಳಿಗ್ಗೆ 20-21, ಮಧ್ಯಾಹ್ನ 23-24 ಇರುತ್ತದೆ. ಶಿವಮೊಗ್ಗ ಪೇಟೆಯ ತಾರಸಿ ಮನೆಗಳು ಇದಕ್ಕಿಂತ ಬೆಚ್ಚಗೆ. ಪೇಟೆಯಲ್ಲಿರುವ ನನ್ನ ತಂಗಿ ಅಳೆದು ನೋಡಿದಾಗ ಬೆಳಿಗ್ಗೆಯೇ 24 ಇತ್ತು. ಅವಳು ಪೆಟ್ಟಿಗೆ ಕೊಳ್ಳಲಿಲ್ಲ, ಟ್ರೇಯನ್ನು ಫ್ರಿಜ್ ಮೇಲಿಟ್ಟಳು, ಅಷ್ಟೇ ಸಾಕಾಯಿತು. ಆಗುಂಬೆ, ಹುಲಿಕಲ್ಲಿನ ಕಡೆಯವರಿಗೆ ಆ ಅನುಕೂಲವಿಲ್ಲ. ಅಳೆಯದೆ ಕೊಳ್ಳುವುದು ಬೇಡ ಎನ್ನುವುದು ಇದಕ್ಕೇ.

ಮೂರನೇ ಹೆಜ್ಜೆ: ಯಾವ ಬಗೆ?

ಇಡೀ ಸೆಟ್ ಒಂದು ಬಗೆ. ತಳದಲ್ಲಿ ಹೀಟರ್ ಕೂಡಿಸಿದ ಟ್ರೇ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ. ನೋಡಲು ಚೆಂದ, ಜೋಡಿಸುವ ತಲೆನೋವಿಲ್ಲ. ಆದರೆ ಚಿಕ್ಕ ಸೆಟ್‌ಗಳಲ್ಲಿ ಥರ್ಮೋಸ್ಟಾಟ್, ಅಂದರೆ ಬೇಕಾದಷ್ಟು ಬಿಸಿಯಾದ ಕೂಡಲೇ ಹೀಟರನ್ನು ತಾನಾಗಿ ನಿಲ್ಲಿಸುವ ಸಾಧನ, ಇರುವುದು ಅಪರೂಪ. ಹೀಟರ್ ಕೆಟ್ಟರೆ ಇಡೀ ಪೆಟ್ಟಿಗೆಯೇ ಹೋದ ಹಾಗೆ. ನಾನು ಮೊದಲು ಕೊಂಡದ್ದು ಇಂಥದ್ದೇ. ಸೆಪ್ಟೆಂಬರಿನಲ್ಲಿ ಎರಡು ದಿನ ಮಳೆ ಬಿಟ್ಟು ಸುಡುಬಿಸಿಲು ಬಂತು. ಪೆಟ್ಟಿಗೆ ತನ್ನ ಪಾಡಿಗೆ ಬಿಸಿ ಕೊಡುತ್ತಲೇ ಇತ್ತು. ಸಂಜೆ ನೋಡಿದರೆ ಒಳಗೆ 39 ಡಿಗ್ರಿ. ಆಗಷ್ಟೇ ಮೊಳೆತಿದ್ದ ಬದನೆಯೆಲ್ಲ ಬೆಂದು ಬಾಡಿತ್ತು. ಅತ್ತೆ ಜೋಪಾನವಾಗಿ ಎತ್ತಿಟ್ಟಿದ್ದ ಬೀಜ ಅದು, ಮತ್ತೆ ಸಿಗಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಹೀಟ್ ಮ್ಯಾಟ್ ಇನ್ನೊಂದು ಬಗೆ. ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿಯಾಗುವ ತಂತಿ ಇರುತ್ತದೆ. ಅದರ ಮೇಲೆ ನಿಮ್ಮದೇ ಟ್ರೇ ಇಡಬಹುದು. ಥರ್ಮೋಸ್ಟಾಟ್ ಬೇರೆ, ಮುಚ್ಚಳ ಬೇರೆ. ಒಂದು ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ಮಲೆನಾಡಿಗೆ ನನ್ನ ಆಯ್ಕೆ ಇದೇ. ಕಾರಣ ಮುಚ್ಚಳ. ನಮ್ಮಲ್ಲಿ ಮುಚ್ಚಳವನ್ನು ಬೇಕಾದಾಗ ತೆಗೆದು ಬಿಸಿಯನ್ನು ಮಾತ್ರ ಉಳಿಸಿಕೊಳ್ಳುವ ಸ್ವಾತಂತ್ರ್ಯ ಬೇಕು.

ಆನ್‌ಲೈನ್‌ನಲ್ಲಿ ಕೊಳ್ಳಲು ಮನಸ್ಸಿಲ್ಲದವರಿಗೆ ಮೀನಿನ ಅಕ್ವೇರಿಯಂ ಹೀಟರ್ ಒಳ್ಳೆಯ ದಾರಿ. ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. 50 ವಾಟ್‌ನದು ಸಾಕು. ಉದ್ದನೆಯ ಪ್ಲಾಸ್ಟಿಕ್ ಟಬ್‌ನಲ್ಲಿ ಅರ್ಧ ನೀರು ತುಂಬಿ, ಹೀಟರ್ ಮುಳುಗಿಸಿ, ಎರಡು ಇಟ್ಟಿಗೆ ಇಟ್ಟು, ನೀರಿಗೆ ತಾಗದ ಹಾಗೆ ಮೇಲೆ ಜಾಲರಿ ಹಾಸಿ ಟ್ರೇ ಇಡಿ. ಥರ್ಮೋಸ್ಟಾಟ್ ಹೀಟರಿನೊಳಗೇ ಇರುತ್ತದೆ. ನೀರು ನಿಧಾನ ಬಿಸಿಯಾಗಿ ನಿಧಾನ ಆರುವುದರಿಂದ ಕರೆಂಟ್ ಹೋದರೂ ಬಹಳ ಹೊತ್ತು ಬೆಚ್ಚಗಿರುತ್ತದೆ. ಎರಡು ಎಚ್ಚರ ಬೇಕು. ಹೀಟರ್ ನೀರಿನಿಂದ ಹೊರಗಿದ್ದಾಗ ಉರಿದರೆ ಗಾಜು ಒಡೆಯುತ್ತದೆ, ಹಾಗಾಗಿ ನೀರಿನ ಮಟ್ಟ ದಿನಾ ನೋಡಬೇಕು. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ನಿಂತ ಬೆಚ್ಚನೆ ನೀರು ಸೊಳ್ಳೆಗೆ ತೊಟ್ಟಿಲಿದ್ದ ಹಾಗೆ. ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ಬದಲಾಯಿಸಿ.

ಥರ್ಮಾಕೋಲ್ ಪೆಟ್ಟಿಗೆಯೊಳಗೆ ಹಳೆ ಕಾಲದ ಬಲ್ಬ್ ಉರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಬೇಡ. ಬಿಸಿ ಬಲ್ಬಿಗೆ ಥರ್ಮಾಕೋಲ್ ತಾಗಿದರೆ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಮರದ ಅಟ್ಟ, ಮರದ ತೊಲೆ ಇರುವ ಮನೆಗಳಲ್ಲಿ ಇದಕ್ಕೆ ಕೈ ಹಾಕಲೇಬಾರದು. ಬೆನ್ನು ನೋವಿಗೆ ಬಳಸುವ ಎಲೆಕ್ಟ್ರಿಕ್ ಹೀಟಿಂಗ್ ಪ್ಯಾಡ್ ಕೂಡ ಬೇಡ. ಅದು ನೀರಿಗಾಗಿ ಮಾಡಿದ್ದಲ್ಲ. ಹಲವು ಪ್ಯಾಡ್‌ಗಳು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುತ್ತವೆ.

ನಾಲ್ಕನೇ ಹೆಜ್ಜೆ: ಅಳತೆ, ವಾಟ್, ವೋಲ್ಟ್

ಮೊದಲು ಟ್ರೇ ಆರಿಸಿ, ಆಮೇಲೆ ಮ್ಯಾಟ್. ನಮ್ಮ ನರ್ಸರಿಗಳಲ್ಲಿ ಸಸಿ ಬೆಳೆಸಲು ಬಳಸುವ 98 ಗುಳಿಯ ಪ್ಲಾಸ್ಟಿಕ್ ತಟ್ಟೆ, ಅಂದರೆ ಪ್ರೋಟ್ರೇಯ ಉದ್ದ ಅರ್ಧ ಮೀಟರಿಗಿಂತ ಚೂರು ಹೆಚ್ಚು, ಅಗಲ ಒಂದು ಅಡಿಗೆ ಸ್ವಲ್ಪ ಕಡಿಮೆ. ಸುಮಾರು 50 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಮ್ಯಾಟ್ ಒಂದು ಟ್ರೇಗೆ ಸರಿಯಾಗುತ್ತದೆ. ಮನೆ ಬಳಕೆಗೆ ಒಂದು ಟ್ರೇ ಸಾಕು. ಒಂದೇ ಟ್ರೇಯಲ್ಲಿ 98 ಸಸಿ ಅಂದರೆ ಅಕ್ಕಪಕ್ಕದ ನಾಲ್ಕು ಮನೆಗೂ ಹಂಚಬಹುದು. ಬೇಕಾದರೆ ಕತ್ತರಿಯಲ್ಲಿ ಟ್ರೇಯನ್ನು ಎರಡು ತುಂಡು ಮಾಡಿ, ಅರ್ಧಕ್ಕೆ ಮೆಣಸು, ಅರ್ಧಕ್ಕೆ ಬದನೆ ಹಾಕಿ. ಬೇಗ ಮೊಳೆತ ತುಂಡನ್ನು ಮೊದಲು ಎತ್ತಲು ಇದರಿಂದ ಸುಲಭ. ಕತ್ತರಿಸದೆ ಎರಡು ಬಗೆ ಬೀಜ ಹಾಕಿದರೆ ಒಂದಕ್ಕಾಗಿ ಇನ್ನೊಂದು ಹಾಳಾಗುತ್ತದೆ.

ಈ ಅಳತೆಯ ಮ್ಯಾಟ್ ಸಾಮಾನ್ಯವಾಗಿ 20 ವಾಟ್ ಆಸುಪಾಸು ಇರುತ್ತದೆ. ಚದರ ಅಡಿಗೆ ಸುಮಾರು 15 ವಾಟ್ ಎಂದಿಟ್ಟುಕೊಳ್ಳಿ. ಥರ್ಮೋಸ್ಟಾಟ್ ಇಲ್ಲದೆ ಬಿಟ್ಟರೆ ಇದು ಸುತ್ತಲ ಹವೆಗಿಂತ ಮಣ್ಣನ್ನು 5ರಿಂದ 10 ಡಿಗ್ರಿ ಜಾಸ್ತಿ ಮಾಡುತ್ತದೆ. ನಮಗೆ ಅಷ್ಟೇ ಸಾಕು. ಇಷ್ಟೇ ಅಳತೆಗೆ 40-50 ವಾಟ್ ಎಂದು ಬರೆದಿದ್ದರೆ ಬಿಟ್ಟುಬಿಡಿ.

ಕರೆಂಟಿನ ಖರ್ಚಿಗೆ ಹೆದರಬೇಕಿಲ್ಲ. 20 ವಾಟ್ ಮ್ಯಾಟ್ ಇಡೀ ದಿನ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ಹತ್ತು ದಿನಕ್ಕೆ ಐದು ಯೂನಿಟ್ ಒಳಗೆ. ಥರ್ಮೋಸ್ಟಾಟ್ ಇದ್ದರೆ ಇನ್ನೂ ಕಡಿಮೆ.

ವೋಲ್ಟೇಜ್ ಮಾತ್ರ ಎರಡು ಸಲ ಓದಿ. ಅಮೆರಿಕದಿಂದ ಮಕ್ಕಳೋ ನೆಂಟರೋ ತಂದುಕೊಟ್ಟ ಮ್ಯಾಟ್ 110-120 ವೋಲ್ಟಿನದಾಗಿರುತ್ತದೆ. ನಮ್ಮದು 230. ಪ್ಲಗ್‌ಗೆ ಅಡಾಪ್ಟರ್ ಹಾಕಿ ಚುಚ್ಚಿದರೆ ಮ್ಯಾಟ್ ಎಳೆಯುವ ವಾಟ್ ಸುಮಾರು ನಾಲ್ಕು ಪಟ್ಟು ಆಗುತ್ತದೆ, ಸುಟ್ಟುಹೋಗುತ್ತದೆ. ಬ್ರಿಟನ್ನಿನಿಂದ ತಂದದ್ದಾದರೆ ವೋಲ್ಟೇಜ್ ನಮ್ಮಂತೆಯೇ, ಪ್ಲಗ್ ಬದಲಾಯಿಸಿದರೆ ಸಾಕು.

ಐದನೇ ಹೆಜ್ಜೆ: ಥರ್ಮೋಸ್ಟಾಟ್, ಇದರಲ್ಲಿ ಜಿಪುಣತನ ಬೇಡ

ದುಡ್ಡು ಕಡಿಮೆ ಇದ್ದರೆ ಮ್ಯಾಟ್ ಚಿಕ್ಕದು ಕೊಳ್ಳಿ, ಮುಚ್ಚಳವನ್ನು ಮನೆಯಲ್ಲೇ ಮಾಡಿ. ಥರ್ಮೋಸ್ಟಾಟ್ ಮಾತ್ರ ಬಿಡಬೇಡಿ. ಕಾರಣ ನಮ್ಮ ಹವೆಯೇ. ಆಗಸ್ಟಿನ ಬೆಳಿಗ್ಗೆ 20 ಡಿಗ್ರಿಗೆ 8 ಸೇರಿದರೆ 28, ಬಹಳ ಚೆನ್ನ. ಅದೇ ಮ್ಯಾಟ್ ಅಕ್ಟೋಬರಿನ ಮಧ್ಯಾಹ್ನ 30 ಡಿಗ್ರಿಗೆ 8 ಸೇರಿಸಿದರೆ 38. ಒಂದೇ ವಾರದಲ್ಲಿ ಎರಡೂ ಬಗೆಯ ಹವೆ ನೋಡುವ ಊರು ನಮ್ಮದು.

ಪ್ಲಗ್‌ಗೆ ನೇರ ಹಾಕುವ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಥರ್ಮೋಸ್ಟಾಟ್ ಎಲ್ಲಕ್ಕಿಂತ ಸುಲಭ. ಎಸ್‌ಟಿಸಿ-1000 ಎಂಬ ಹೆಸರಿನ ಕಂಟ್ರೋಲರ್ ಅಗ್ಗವಾಗಿ ಸಿಗುತ್ತದೆ, ಕೆಲಸವೂ ಚೆನ್ನ. ಆದರೆ ಅದು ಬಿಡಿ ಭಾಗ. ವೈರ್ ಕೂರಿಸಿ ಡಬ್ಬಿಯೊಳಗೆ ಭದ್ರ ಮಾಡಬೇಕು. ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. 220 ವೋಲ್ಟಿನದೇ ಎಂದು ನೋಡಿ ಕೊಳ್ಳಿ, 12 ವೋಲ್ಟಿನದೂ ಬರುತ್ತದೆ.

ಅಂಗಡಿಯಲ್ಲೇ ಅಥವಾ ಪಾರ್ಸೆಲ್ ಬಿಚ್ಚಿದ ದಿನವೇ ಒಂದು ಪರೀಕ್ಷೆ ಮಾಡಿ. ಉಷ್ಣತೆ ಹೊಂದಿಸಿ, ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ನೀವು ಹೊಂದಿಸಿದ ಅಂಕಿ ನೆನಪಿದೆಯಾ? ಬಟನ್ ಒತ್ತದೆ ತಾನಾಗಿ ಕೆಲಸ ಶುರು ಮಾಡಿತಾ? ಇಲ್ಲ ಅಂದರೆ ವಾಪಸ್ ಕೊಡಿ. ಗಾಳಿಮಳೆಗೆ ಮರ ಬಿದ್ದು ದಿನಕ್ಕೆ ಐದಾರು ಸಲ ಕರೆಂಟ್ ಹೋಗಿ ಬರುವ ಜಾಗದಲ್ಲಿ, ಪ್ರತಿ ಸಲ ಎದ್ದು ಬಟನ್ ಒತ್ತಲು ಯಾರಿಗೆ ಆಗುತ್ತದೆ? ನಡುರಾತ್ರಿ ನಿಂತದ್ದು ಬೆಳಗಿನವರೆಗೂ ನಿಂತೇ ಇರುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಕೇಳದ ಪ್ರಶ್ನೆ ಇದು. ನಮಗಂತೂ ಬಹಳ ಮುಖ್ಯ.

ಸೆನ್ಸರ್ ಇಡುವ ಜಾಗವೂ ಅಷ್ಟೇ ಮುಖ್ಯ. ಗಾಳಿಯಲ್ಲಿ ನೇತುಹಾಕಬೇಡಿ, ಮ್ಯಾಟ್‌ಗೆ ಅಂಟಿಸಲೂಬೇಡಿ. ಟ್ರೇಯ ನಡುವಿನ ಒಂದು ಗುಳಿಯಲ್ಲಿ, ಬೀಜ ಎಷ್ಟು ಆಳದಲ್ಲಿದೆಯೋ ಅಷ್ಟೇ ಆಳಕ್ಕೆ ಊರಿ. ಆ ಗುಳಿಗೆ ಬೀಜ ಹಾಕಬೇಡಿ. ತಂತಿಯನ್ನು ಟ್ರೇಯ ಅಂಚಿಗೆ ಟೇಪ್ ಹಾಕಿ ಬಿಗಿ ಮಾಡಿ. ಬೆಚ್ಚಗಿನ ಜಾಗಕ್ಕೆ ಬೆಕ್ಕು ಬಂದು ಮಲಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಸೆನ್ಸರ್ ಮಣ್ಣಿನಿಂದ ಹೊರಗೆ ಬಂದರೆ ತಣ್ಣನೆಯ ಗಾಳಿಯನ್ನೇ ಅಳೆಯುತ್ತ, ಮ್ಯಾಟನ್ನು ನಿಲ್ಲಿಸದೆ ಉರಿಸುತ್ತದೆ.

ಗುರಿ 28 ಡಿಗ್ರಿ, ವ್ಯತ್ಯಾಸ 1 ಡಿಗ್ರಿ ಎಂದು ಹೊಂದಿಸಿ. 28ಕ್ಕೆ ನಿಂತು, 27ಕ್ಕೆ ಇಳಿದಾಗ ಮತ್ತೆ ಶುರುವಾಗುತ್ತದೆ.

ಮುಚ್ಚಳ

ಬೆಲೆಬಾಳುವ ಮುಚ್ಚಳ ಬೇಡ. ಮಳೆಗಾಲದಲ್ಲಿ ನಮ್ಮ ಗಾಳಿಯಲ್ಲೇ ಬೇಕಾದಷ್ಟು ತೇವ ಇದೆ. ಟ್ರೇ ಮೇಲೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ನಡೆಯುತ್ತದೆ. ಸಿದ್ಧ ಮುಚ್ಚಳವನ್ನೇ ಕೊಳ್ಳುವುದಾದರೆ ತೆರೆದು ಮುಚ್ಚುವ ಗಾಳಿಕಿಂಡಿ ಇರುವುದನ್ನೇ ಕೊಳ್ಳಿ. ಒಳಗೆ ಹನಿ ಕಟ್ಟಿ ತೊಟ್ಟಿಕ್ಕಲು ಶುರುವಾದರೆ ಕಿಂಡಿ ತೆರೆಯಬೇಕು ಎಂದು ಅರ್ಥ.

ಆರನೇ ಹೆಜ್ಜೆ: ನೀರು ಮತ್ತು ಕರೆಂಟ್ ಒಂದೇ ಕಡೆ ಇದೆ, ಮರೆಯಬೇಡಿ

ಒದ್ದೆ ಕೈ, ಒದ್ದೆ ಟ್ರೇ, ಒದ್ದೆ ನೆಲ, ಪಕ್ಕದಲ್ಲೇ 230 ವೋಲ್ಟ್. ಹಾಗಾಗಿ ಈ ಹೆಜ್ಜೆಯನ್ನು ದಾಟಿಹೋಗಬೇಡಿ.

ಮ್ಯಾಟ್ ಮೇಲೆ ಐಪಿ67 ಅಥವಾ ಐಪಿಎಕ್ಸ್7 ಎಂದು ಬರೆದಿದೆಯಾ ನೋಡಿ. ಕೊನೆಯ 7 ಎಂದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆದುಕೊಳ್ಳುತ್ತದೆ ಎಂದರ್ಥ. ಇದು ಮ್ಯಾಟ್‌ಗೆ ಮಾತ್ರ. ಥರ್ಮೋಸ್ಟಾಟ್ ಡಬ್ಬಿಗೆ, ಪ್ಲಗ್‌ಗೆ ಆ ರಕ್ಷಣೆ ಇರುವುದಿಲ್ಲ. ಅವನ್ನು ಟ್ರೇಗಿಂತ ಎತ್ತರದಲ್ಲಿ, ಗೋಡೆಯ ಮೊಳೆಗೆ ನೇತುಹಾಕಿ. ವೈರು ಸಾಕೆಟ್ಟಿಗೆ ಹೋಗುವ ಮೊದಲು ಒಂದು ಸಲ ಕೆಳಗೆ ಜೋಲುಬಿದ್ದು ಮೇಲೆ ಹತ್ತುವ ಹಾಗಿರಲಿ. ವೈರಿನ ಗುಂಟ ಹರಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯಾ, ಅರ್ಥಿಂಗ್ ಸರಿಯಿದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೆ ಮನೆಗಳಲ್ಲಿ ಬಹಳ ಸಲ ಇರುವುದಿಲ್ಲ. ಪೆಟ್ಟಿಗೆಯ ಮಾತು ಹಾಗಿರಲಿ, ಮನೆ ಮಂದಿಗೇ ಇದು ಬೇಕು. ನೀರು ಹಾಕುವಾಗ ಪ್ರತಿ ಸಲ ಪ್ಲಗ್ ಕೀಳಿ. ಗುಡುಗು ಮಿಂಚು ಶುರುವಾದಾಗಲೂ ಅಷ್ಟೇ.

ಕರೆಂಟ್ ಇಲ್ಲದ ಹೊತ್ತಿಗೆ ಬಿಸಿ ಉಳಿಯಲು ಮ್ಯಾಟ್ ಕೆಳಗೆ ಒಂದು ಇಂಚು ದಪ್ಪದ ಥರ್ಮಾಕೋಲ್ ಹಲಗೆ ಹಾಸಿ. ಇಷ್ಟು ಹದವಾದ ಬಿಸಿಗೆ ಅದು ಕರಗುವುದಿಲ್ಲ. ಬಿಸಿ ನೆಲಕ್ಕೆ ಇಳಿಯದೆ ಮೇಲಕ್ಕೇ ಹೋಗುತ್ತದೆ. ಕರೆಂಟ್ ಹೋದಾಗ, ಇನ್ನೂ ಮೊಳೆಯದ ಟ್ರೇ ಮೇಲೆ ಒಂದು ಹಳೆ ಕಂಬಳಿ ಹೊದಿಸಿ, ಕರೆಂಟ್ ಬಂದ ಕೂಡಲೇ ತೆಗೆಯಿರಿ. ಒಂದು ರಾತ್ರಿ ತಣ್ಣಗಾದರೆ ಬೀಜಕ್ಕೆ ಏನೂ ಆಗುವುದಿಲ್ಲ, ಒಂದು ದಿನ ತಡವಾಗುತ್ತದೆ ಅಷ್ಟೇ. ಇನ್ವರ್ಟರ್ ಇದ್ದರೆ 20 ವಾಟ್ ಅದಕ್ಕೆ ಭಾರವಲ್ಲ.

ಏಳನೇ ಹೆಜ್ಜೆ: ಬೀಜವಿಲ್ಲದೆ ಒಂದು ದಿನ

ಟ್ರೇಗೆ ಒದ್ದೆ ಕೋಕೋಪೀಟ್ ತುಂಬಿ, ಬೀಜ ಹಾಕದೆ ಇಡೀ ದಿನ ಓಡಿಸಿ. ಎರಡನೇ ಹೆಜ್ಜೆಯ ಥರ್ಮಾಮೀಟರಿನಿಂದ ನಡುವೆ, ನಾಲ್ಕು ಮೂಲೆಗಳಲ್ಲಿ ಅಳೆಯಿರಿ. ನಡುವೆ 28 ಇದ್ದಾಗ ಮೂಲೆಯಲ್ಲಿ 25-26 ಇರುವುದು ಸಹಜ. ಟ್ರೇಯನ್ನು ತುಂಡು ಮಾಡಿದ್ದರೆ, ಅಂಚಿಗೆ ಬರುವ ತುಂಡಿಗೆ ಟೊಮೆಟೊ, ನಡುವಿನದಕ್ಕೆ ಮೆಣಸು ಹಾಕಲು ಇದು ದಾರಿ ತೋರಿಸುತ್ತದೆ. ಎಲ್ಲಾದರೂ 33 ದಾಟಿದರೆ ಟ್ರೇ ಮತ್ತು ಮ್ಯಾಟ್ ನಡುವೆ ಒಂದು ತಂತಿ ಜಾಲರಿ ಇಟ್ಟು ಸ್ವಲ್ಪ ಎತ್ತರಿಸಿ.

ಇನ್ನು ಬಿತ್ತನೆ

ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಹಿಂಡಿ. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಒತ್ತಿದಾಗ ಒಂದೆರಡು ಹನಿ ಬಂದರೆ ಹದ. ಧಾರೆಯಾಗಿ ಇಳಿದರೆ ಇನ್ನೂ ಹಿಂಡಬೇಕು. ಮೂರು ಪಾಲು ಕೋಕೋಪೀಟಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸುತ್ತೇನೆ. ಬುಡ ಕೊಳೆಯುವ ರೋಗಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಒಳ್ಳೆಯದು, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಪ್ಯಾಕೆಟ್ ಮೇಲಿನ ತಾರೀಕು ನೋಡಿ ಕೊಳ್ಳಿ, ಅದು ಜೀವ ಇರುವ ವಸ್ತು. ಹಳೆ ಟ್ರೇಗಳನ್ನು ಸೋಪು ಹಾಕಿ ತಿಕ್ಕಿ ತೊಳೆಯಿರಿ.

ಗುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ. ಹೆಸರು, ತಾರೀಕು ಬರೆದ ಚೀಟಿ ಚುಚ್ಚಿ. ಕುಂಚದಿಂದಲೋ ಸ್ಪ್ರೇ ಬಾಟಲಿಯಿಂದಲೋ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಆಮೇಲೆ ಮೊಳೆಯುವವರೆಗೆ ನೀರು ಬೇಕಾಗುವುದೇ ಕಡಿಮೆ. ತಳದ ಬಿಸಿಗೆ ಮೇಲ್ಪದರ ಹಸಿಯಾಗಿ ಕಂಡರೂ ಕೆಳಗೆ ಒಣಗಿರಬಹುದು. ದಿನಕ್ಕೊಮ್ಮೆ ಟ್ರೇ ಎತ್ತಿ ಭಾರ ನೋಡಿ. ಹಗುರ ಅನಿಸಿದರೆ ತಳದಿಂದ ನೀರು ಕುಡಿಸಿ: ಟ್ರೇಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಟ್ಟು ತೆಗೆಯಿರಿ.

ಬೆಚ್ಚಗಿನ ಟ್ರೇಗೆ ಇರುವೆ ಬರುತ್ತದೆ. ಟೊಮೆಟೊ ಬೀಜವನ್ನು ಹೊತ್ತುಕೊಂಡೇ ಹೋಗುತ್ತದೆ. ಟ್ರೇ ಇಟ್ಟ ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಿನಲ್ಲಿಟ್ಟರೆ ಇರುವೆಯೂ ಇಲ್ಲ, ಬಸವನಹುಳವೂ ಇಲ್ಲ. ವಾರಕ್ಕೊಮ್ಮೆ ಆ ನೀರೂ ಬದಲಾಗಲಿ.

ಎಲ್ಲಕ್ಕಿಂತ ಜಾಸ್ತಿ ಜನ ತಪ್ಪುವುದು ಮೊಳೆತ ಮೇಲೆ. ಅರ್ಧದಷ್ಟು ಗುಳಿಗಳಲ್ಲಿ ಮೊಳಕೆ ಬಾಗಿದ ಕತ್ತು ಎತ್ತಿತು ಅಂದರೆ ಅದೇ ದಿನ ಮುಚ್ಚಳ ತೆಗೆಯಿರಿ, ಮ್ಯಾಟ್ ಆಫ್ ಮಾಡಿ. ಹಿಂದುಳಿದವು ತಾವಾಗಿ ಬರುತ್ತವೆ. ಬಿಸಿ ಇದ್ದು ಬೆಳಕಿಲ್ಲದಿದ್ದರೆ ಸಸಿ ಎರಡೇ ದಿನದಲ್ಲಿ ದಾರದ ಹಾಗೆ ಉದ್ದವಾಗಿ ಬೀಳುತ್ತದೆ. ಅಜ್ಜಿ ಗಂಟು ಬಿಚ್ಚಲು ಅವಸರ ಮಾಡುತ್ತಿದ್ದದ್ದು ಯಾಕೆ ಎಂದು ನನಗೆ ಅರ್ಥವಾದದ್ದು ನನ್ನದೇ ಟ್ರೇಯ ಮುಂದೆ ಕೂತಾಗ.

ಆಗಸ್ಟಿನ ಜಗಲಿಯ ಬೆಳಕು ಸಸಿಗೆ ಸಾಲುವುದಿಲ್ಲ. 20 ವಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್ ಒಂದನ್ನು ಸಸಿಯ ತುದಿಯಿಂದ ಅರ್ಧ ಗೇಣು ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಸಸಿ ಬೆಳೆದ ಹಾಗೆ ಟ್ಯೂಬ್ ಎತ್ತರಿಸುತ್ತ ಹೋಗಿ. ಪೆಟ್ಟಿಗೆಗೆ ಎಂದು ತೆಗೆದಿಟ್ಟ ದುಡ್ಡಿನಲ್ಲಿ ಇದಕ್ಕೂ ಒಂದು ಪಾಲು ಇಡಿ. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಸಣ್ಣ ಟೇಬಲ್ ಫ್ಯಾನ್ ದೂರದಿಂದ ಬೀಸುವ ಹಾಗಿದ್ದರೆ ಬುಡ ಕೊಳೆಯುವುದು ಬಹಳ ಕಡಿಮೆ, ಕಾಂಡವೂ ಗಟ್ಟಿ.

ನಾಲ್ಕೈದು ಎಲೆ ಬಂದ ಮೇಲೆ ಸೂರಿನ ಕೆಳಗೆ, ಮಳೆ ಎರಚಲು ತಾಗದ ಕಡೆ ಇಡಿ. ಒಂದು ವಾರ ಹೊರಗಿನ ಗಾಳಿಗೆ ಒಗ್ಗಿದ ಮೇಲೆ ಮಡಿಗೆ.

ಕೆಲಸ ಮುಗಿದ ಮ್ಯಾಟನ್ನು ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಮಡಚಬೇಡಿ, ಒಳಗಿನ ತಂತಿ ಮುರಿಯುತ್ತದೆ. ಸಡಿಲವಾಗಿ ಸುತ್ತಿ, ಸೆನ್ಸರಿನ ಜೊತೆ ತಗಡಿನ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಸೇರಿಸಿ. ಪ್ಲಾಸ್ಟಿಕ್ ಡಬ್ಬಿಯಾದರೆ ಇಲಿ ಕಡಿಯುತ್ತದೆ.